ಅಜ್ಜಿಗಂಟಿನ ಹಗ್ಗ

ಆ ಶಾಲೆಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮಕ್ಕಳಿಗೂ ಮಕ್ಕಳ ತಾಯಂದಿರಿಗೂ ಅವರು ಹಗ್ಗದ ಟೀಚರ್. ಸಣ್ಣ ಮಕ್ಕಳಿಗೆ ಚರಿತ್ರೆ ಹೇಳುವುದೆಂದರೆ ಉಳಿದ ಟೀಚರುಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಇವರಿಗೂ ಇಸವಿಗಳನ್ನು ಬಾಯಿಪಾಠ ಮಾಡಿಸಿ ಸಾಕಾಗಿತ್ತು. ಒಂದು ದಿನ ಮನೆಯಿಂದ ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿ ತಂದು, ಕಿಟಕಿಯ ಮೇಲಿನ ಸರಳಿನಿಂದ ಬಾಗಿಲ ಚೌಕಟ್ಟಿನ ಮೊಳೆಯವರೆಗೆ ಬಿಗಿದು ಕಟ್ಟಿದರು. ಅವತ್ತು ಅವರ ಮನೆಯವರು ಒದ್ದೆ ಅಂಗಿ ಹಿಡಿದುಕೊಂಡು ಹಿತ್ತಲಲ್ಲಿ ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದರಂತೆ.

ಬಾಗಿಲ ಕೊನೆ ಇವತ್ತು. ಕಿಟಕಿಯ ಕೊನೆ ಬಹಳ ಹಿಂದೆ. ನಡುವೆ ಗೇಣಿಗೊಂದು ಗಂಟು. ಒಂದು ಗಂಟೆಂದರೆ ಒಬ್ಬ ಅಜ್ಜಿ. ಇನ್ನೂರು ವರ್ಷ ಅಂದರೆ ಮಕ್ಕಳ ತಲೆಗೆ ಹೋಗುವುದಿಲ್ಲ, ಅಜ್ಜಿಯ ಅಜ್ಜಿ ಅಂದರೆ ಹೋಗುತ್ತದೆ. "ಈ ಕೋಟೆ ಕಟ್ಟಿದ್ದು ಎಷ್ಟು ಅಜ್ಜಿ ಹಿಂದೆ?" ಎಂದು ಕೇಳಿದರೆ ಸಾಕು, ಮಕ್ಕಳು ಬೆಂಚು ಹತ್ತಿ ಗಂಟು ಮುಟ್ಟಿ ಮುಟ್ಟಿ ಎಣಿಸುತ್ತಿದ್ದರು. ಮನೆಯಲ್ಲಿರುವ ಹಳೆಯ ವಸ್ತು ತರಬೇಕು, ಅದನ್ನು ಕೊನೆಗೆ ಹಿಡಿದವರು ಯಾರು ಎಂದು ಹೇಳಬೇಕು, ಆಮೇಲೆ ಕ್ಲಿಪ್ಪಿನಿಂದ ಅದರ ಜಾಗದಲ್ಲಿ ಸಿಕ್ಕಿಸಬೇಕು. ಒಬ್ಬ ಹುಡುಗ ಅಜ್ಜನ ಹಲ್ಲಿನ ಸೆಟ್ಟನ್ನೇ ತಂದಿದ್ದ. ಊಟದ ಹೊತ್ತಿಗೆ ಅಜ್ಜ ಶಾಲೆಗೇ ಬಂದು, ಮಾತಾಡಲಾಗದೆ ಬರೀ ಒಸಡು ತೋರಿಸಿ, ಅದನ್ನು ವಾಪಸ್ ತೆಗೆದುಕೊಂಡು ಹೋದರು.

ಆ ವರ್ಷ ಮೂರನೇ ತರಗತಿಯಲ್ಲಿ ಬಸ್ ಕಂಡಕ್ಟರರ ಮಗಳೊಬ್ಬಳಿದ್ದಳು. ಹುಡುಗರು ಅವಳನ್ನು ರೈಟ್ ರೈಟ್ ಎಂದೇ ಕರೆಯುತ್ತಿದ್ದರು. ಅಪ್ಪ ಜ್ವರ ಬಂದು ತೀರಿಕೊಂಡು ವರ್ಷ ತುಂಬುತ್ತಾ ಬಂದಿತ್ತು, ಅಡ್ಡಹೆಸರು ಮಾತ್ರ ಉಳಿದಿತ್ತು. ಅವಳು ತಂದದ್ದು ಅಪ್ಪನ ಸೀಟಿ, ಉದ್ದನೆಯ ದಾರ ಕಟ್ಟಿದ್ದು. ಸೀದಾ ಕಿಟಕಿಯ ಕಡೆ ಹೋಗಿ, ಅಲ್ಲಿ ತೂಗುತ್ತಿದ್ದ ಕೋಟೆ ಕಟ್ಟಿದ ರಾಜನ ಚಿತ್ರದ ಪಕ್ಕದಲ್ಲಿ ಸಿಕ್ಕಿಸಿದಳು.

"ಲೇ ರೈಟ್ ರೈಟ್, ನಿಮ್ಮಪ್ಪ ರಾಜನಿಗೂ ಟಿಕೆಟ್ ಹರಿದಿದ್ರಾ?" ಎಂದ ಹಿಂದಿನ ಬೆಂಚಿನವನು. ತರಗತಿಯೆಲ್ಲ ನಕ್ಕಿತು.

ಹುಡುಗಿ ನಗಲಿಲ್ಲ, ಅಳಲೂ ಇಲ್ಲ. "ರಾಜ ಸತ್ತೋಗಿದಾನೆ. ಅಪ್ಪಾನೂ ಸತ್ತೋಗಿದಾರೆ. ಅದಕ್ಕೆ ಇಲ್ಲಿ."

"ಅಪ್ಪ ಇದನ್ನ ಊದುವಾಗ ಹೇಗಿರ್ತಿದ್ರು ಹೇಳು ಕಂದಾ," ಎಂದರು ಟೀಚರ್.

"ಮರೆತೋಗ್ತಾ ಇದೆ ಟೀಚರ್."

ಸೀಮೆಸುಣ್ಣ ಅವರ ಕೈಯಲ್ಲೇ ಉಳಿಯಿತು. ಆಗಿನವರು ಈಗಿಲ್ಲ ಎಂದು ದಿನಾ ಹೇಳಿಕೊಟ್ಟವರು ತಾವೇ. ಇಲ್ಲದವರೆಲ್ಲ ಕಿಟಕಿಯ ಕೊನೆಯಲ್ಲಿ ಗುಂಪಾಗಿ ಕೂತಿರುತ್ತಾರೆ ಎಂದು ಮಗು ತಿಳಿದುಕೊಂಡಿದೆ. ಹೀಗೇ ಬಿಟ್ಟರೆ ಅಪ್ಪನ ಮುಖವೂ ಪುಸ್ತಕದ ಚಿತ್ರವಾಗಿಬಿಡುತ್ತದೆ. ಕ್ಲಿಪ್ಪು ಕಿತ್ತು ಈಚೆಗೆ ಹಾಕುವುದು ಚಿಟಿಕೆ ಹೊಡೆಯುವಷ್ಟರ ಕೆಲಸ. ಆದರೆ ಟೀಚರ್ ಸರಿಸಿದ ಮಾತ್ರಕ್ಕೆ ಅಪ್ಪ ಹತ್ತಿರ ಬರುತ್ತಾರೆಯೇ? ಅವರು ಮುಟ್ಟಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಹುಡುಗಿಯ ತಾಯಿ ಬಂದಳು. ಹೊಲಿಗೆ ಅಂಗಡಿಯ ಕೆಲಸ, ಮೈಮೇಲೆಲ್ಲ ದಾರದ ಚೂರು.

"ಪೆಟ್ಟಿಗೇಲಿಟ್ಟಿದ್ದನ್ನ ಹೇಳ್ದೆ ಕೇಳ್ದೆ ಎತ್ಕೊಂಡು ಬಂದಿದಾಳೆ. ನೀವಾದ್ರೂ ಬೈಬಾರ್ದಾ ಟೀಚರ್? ಎಲ್ಲಿದೆ, ಕೊಡಿ."

"ಹಗ್ಗದ ಮೇಲಿದೆ. ನೀವೇ ತಗೊಳ್ಳಿ ತಾಯಿ."

ಆಕೆ ಬಾಗಿಲ ಕಡೆಯಿಂದ ಹುಡುಕುತ್ತಾ ಹೊರಟಳು. ಒಂದೊಂದೇ ಗಂಟು ದಾಟಿ, ಕಡೆಗೆ ರಾಜನ ಪಕ್ಕ ಕಂಡಾಗ ಅಲ್ಲೇ ನಿಂತುಬಿಟ್ಟಳು.

"ಇದೇನೇ, ಅಪ್ಪನ್ನ ಇಷ್ಟು ದೂರ ಕೂರಿಸಿದೀಯಾ?"

"ನೀನು ಅಪ್ಪನ ಮಾತೇ ಆಡಲ್ವಲ್ಲಮ್ಮ. ರಾಜನ ಮಾತಾದ್ರೂ ಟೀಚರ್ ಆಡ್ತಾರೆ."

ತಾಯಿ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತಳು. "ನಾನು ಬಾಯಿ ಬಿಟ್ರೆ ಅಳು ಬರುತ್ತೆ. ನಾನು ಅತ್ರೆ ಇವಳೂ ಅಳ್ತಾಳೆ. ಅದಕ್ಕೇ ಸುಮ್ನಿದ್ದೆ."

"ಅತ್ರೆ ಅಳ್ಲಿ ಬಿಡಿ," ಎಂದರು ಟೀಚರ್. ಆಮೇಲೆ ಮಕ್ಕಳನ್ನು ಕೇಳುವ ದನಿಯಲ್ಲೇ ಕೇಳಿದರು: "ಇದನ್ನ ಕೊನೆಗೆ ಹಿಡಿದೋರು ಯಾರು?"

ಆಕೆ ಹೇಳತೊಡಗಿದಳು. "ನಮ್ಮ ಬೀದಿ ತಿರುವಲ್ಲಿ ಯಾರೂ ಇಳಿಯೋರಿಲ್ದಿದ್ರೂ ಒಂದು ಸೀಟಿ ಹೊಡೀತಿದ್ರು. ಡ್ರೈವರ್ ಬೈಯೋರು, ಯಾವನಯ್ಯಾ ಇಲ್ಲಿ ಇಳಿಯೋನು ಅಂತ. ಯಾರೂ ಇಲ್ಲಪ್ಪ, ನಮ್ಮನೇಗೊಂದು ಹಾಜರಿ ಅನ್ನೋರು ಇವರು. ಸೀಟಿ ಕೇಳಿದ್ರೆ ಸಾಕು, ಇವಳು ತಿನ್ನೋದು ಬಿಟ್ಟು ಕಿಟಕಿಗೆ ಓಡೋಳು."

"ಹಸಿರು ಟವೆಲ್ ಬೀಸ್ತಿದ್ದೆ," ಎಂದಳು ಹುಡುಗಿ ತಟ್ಟನೆ. "ಅಪ್ಪ ಬಾಗಿಲಲ್ಲಿ ಜೋತಾಡ್ಕೊಂಡು ನಾಲಿಗೆ ಚಾಚೋರು."

ತಾಯಿಗೆ ನಗು ಬಂತು, ಅದರ ಹಿಂದೆಯೇ ಅಳು. ಟೀಚರ್ ಅಳಿಸಿಯಾಗಿದ್ದ ಬೋರ್ಡನ್ನೇ ಇನ್ನೊಮ್ಮೆ ಅಳಿಸುತ್ತಾ ಅತ್ತ ತಿರುಗಿ ನಿಂತರು. ತಾಯಿ ಮಗಳು ಇಬ್ಬರೂ ಸೇರಿ ಸೀಟಿ ಬಿಚ್ಚಿಕೊಂಡು, ಬೆಂಚನ್ನು ಬಾಗಿಲ ಕಡೆಗೆ ಎಳೆದುಕೊಂಡು ಹೋದರು. ಮೊದಲ ಅಜ್ಜಿಗಂಟಿಗಿಂತಲೂ ಈಚೆಗೆ, ಬಾಗಿಲ ಮೊಳೆಗೆ ಬೆರಳಷ್ಟು ಜಾಗ ಬಿಟ್ಟು, ಸೀಟಿ ಸಿಕ್ಕಿಸಿದರು. ತಾಯಿ ಅದನ್ನು ಅವತ್ತು ಮನೆಗೆ ಒಯ್ಯಲಿಲ್ಲ.

ಹೆಡ್‌ಮಾಸ್ಟರು ಎತ್ತರದ ಆಳು. ಒಳಗೆ ಬರುವಾಗಲೆಲ್ಲ ಸೀಟಿ ಅವರ ಹಣೆಗೆ ಬಡಿಯುತ್ತಿತ್ತು. "ಇದನ್ನ ಸ್ವಲ್ಪ ಆ ಕಡೆ ಸರಿಸಬಾರದೇನಮ್ಮಾ?" ಎಂದು ಒಂದು ದಿನ ಟೀಚರನ್ನು ಕೇಳಿದರು.

ಟೀಚರ್ ಬಾಯಿ ತೆರೆಯುವ ಮೊದಲೇ ರೈಟ್ ರೈಟ್ ಎದ್ದು ನಿಂತಳು. "ಆಗಲ್ಲ ಸರ್. ಅಪ್ಪನ ಜಾಗ ಅದೇ."

ಮಾರನೆಯ ದಿನದಿಂದ ಹೆಡ್‌ಮಾಸ್ಟರು ತಲೆ ತಗ್ಗಿಸಿಕೊಂಡೇ ಒಳಗೆ ಬರುತ್ತಿದ್ದರು.