ತೊಂಬತ್ತು ದಿನದ ಹಾಲು

ಮಳಗಿ ರಸ್ತೆಯಿಂದ ಒಳಗೆ ಸರಿದ ಹಳ್ಳಿಯೊಂದರ ಹಾಲಿನ ಸಂಘಕ್ಕೆ ಶಿವವ್ವ ಹನ್ನೆರಡು ವರ್ಷದಿಂದ ನಿರ್ದೇಶಕಿ. ಹುಟ್ಟಿದ್ದು ಸನವಳ್ಳಿ, ಈ ಊರಿಗೆ ಸೊಸೆ. ಹಣೆಗೆ ವಿಭೂತಿ ಹಚ್ಚಿ ಮೀಟಿಂಗಿಗೆ ಬಂದು ಕೂತಳೆಂದರೆ ಗಂಡಸರು ಬೀಡಿ ಆರಿಸುತ್ತಾರೆ. ತಪ್ಪು ಕಂಡರೆ ಮುಖಕ್ಕೆ ಹೊಡೆದಂತೆ ಹೇಳುವ ಹೆಂಗಸು. ತನ್ನದೇ ತಪ್ಪು ಕಾಣಲು ಮಾತ್ರ ಈ ಹನ್ನೆರಡು ವರ್ಷವೂ ಬೇಕಾಯಿತು.

ಈ ಸಲ ತಕರಾರು ಎದ್ದದ್ದು ಜುಲಿಯಾನಾ ಸಿದ್ದಿಯ ಹೆಸರಿಗೆ. ಮೂರು ವರ್ಷದ ಹಿಂದೆ ಸರ್ಕಾರದ ಯೋಜನೆಯಲ್ಲಿ ಊರಿನ ನಾಲ್ಕು ಸಿದ್ದಿ ಹೆಂಗಸರಿಗೆ ಆಕಳು ಬಂದಿದ್ದವು. ಮೂವರು ಮಾರಿ ಕೈತೊಳೆದುಕೊಂಡರು. ಉಳಿದವಳು ಜುಲಿಯಾನಾ. ವರ್ಷದಲ್ಲಿ ತೊಂಬತ್ತು ದಿನ ಹಾಲು ಹಾಕದವರ ಸದಸ್ಯತ್ವ ರದ್ದು ಎಂಬುದು ಸಂಘದ ನಿಯಮ. ಅವಳದು ನಲವತ್ತೂ ದಾಟಿರಲಿಲ್ಲ. ಹೆಸರು ಹೋದರೆ ಸಂಘದ ಹಿಂಡಿಯಿಲ್ಲ, ದನದ ಡಾಕ್ಟರಿಲ್ಲ. ಆಕಳೂ ಉಳಿಯುವುದಿಲ್ಲ.

ಮೀಟಿಂಗಿನ ಹಿಂದಿನ ದಿನ ಶಿವವ್ವನ ಪಡಸಾಲೆಯಲ್ಲಿ ಚಹಾದ ಹೊತ್ತಿಗೆ ಜಟಾಪಟಿಯೇ ನಡೆಯಿತು. ಒಂದು ಕಡೆ ಮೈದುನ ಶಿವಲಿಂಗಪ್ಪ, ಸಂಘದ ಕಾರ್ಯದರ್ಶಿ. ಇನ್ನೊಂದು ಕಡೆ ಮಗ ಸಂಜೀವಕುಮಾರ, ಹಳಿಯಾಳದಲ್ಲಿ ಕಾಲೇಜು ಹುಡುಗರಿಗೆ ಪಾಠ ಹೇಳುವವನು.

"ಅವರ ಸಂಸ್ಕೃತಿನ ಹಂಗ ಐತಿ, ವೈನಿ. ಕುಣಿಯೂದು, ಹಾಡೂದು, ಇವತ್ತಿನ ಕೂಳು ಇವತ್ತಿಗೆ. ದನಾ ಸಾಕೂ ಮಂದಿ ಅಲ್ಲ," ಎಂದ ಶಿವಲಿಂಗಪ್ಪ.

"ನಮ್ಮ ಮುತ್ಯಾಗ ಪಹಣಿ ಇತ್ತು, ಕಾಕಾ. ಅವರ ಮುತ್ಯಾನ ಬಣ್ಣಾ ನೋಡಿ ಯಾರೂ ಬಾಗಲದಾಗೂ ನಿಂದರಸಲಿಲ್ಲ. ಅಲ್ಲಿಂದ ಮಾತಾಡ್ರಿ," ಎಂದ ಸಂಜೀವ.

"ಪಹಣಿ ಇಲ್ಲಂದ್ರ ಆಕಳಾ ಹಾಲು ಕೊಡೂದಿಲ್ಲೇನು?"

ಶಿವವ್ವನಿಗೆ ಮೈದುನನ ಮಾತೇ ಸರಿ ಕಂಡಿತು. ಸಿದ್ದಿಯವರಿಗೆ ದನದ ರೂಢಿ ಇಲ್ಲವೆಂದು ಹೋದ ವರ್ಷ ಮೀಟಿಂಗಿನಲ್ಲಿ ಆಕೆಯೇ ಅಂದಿದ್ದಳು. ಆದರೂ ಒಂದು ಮಾತು ಕೇಳದೆ ಹೆಸರು ಹೊಡೆದುಹಾಕಲು ಮನಸ್ಸು ಒಪ್ಪಲಿಲ್ಲ. ಮರುದಿನ ಲಿಂಗಪೂಜೆಯನ್ನು ಹಿಂದಕ್ಕೆ ಹಾಕಿ, ಬೆಳಕು ಹರಿಯುತ್ತಲೇ ಸಿದ್ದಿ ಕೇರಿಗೆ ಹೋದಳು.

ಜುಲಿಯಾನಾಳ ಮನೆಗೆ ಬೀಗ. ಹಿಂದೆ ಗೂಟಕ್ಕೆ ಕಟ್ಟಿದ ಆಕಳು ಕೆಚ್ಚಲು ಬಿಗಿದು ಒದರುತ್ತಿತ್ತು. ಇಷ್ಟು ಹೊತ್ತಿಗೆ ಎಲ್ಲಿ ಹಾಳಾಗಿ ಹೋದಳು ಇವಳು, ಎಂದು ಬೈಯಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಜುಲಿಯಾನಾ ದಿನಾ ಬೆಳಿಗ್ಗೆ ಶಿವವ್ವನದೇ ಕೊಟ್ಟಿಗೆಯ ಕೆಲಸಕ್ಕೆ ಬರುವುದು ಗೊತ್ತಿಲ್ಲದ ಸಂಗತಿಯಲ್ಲ. ಆ ಹೊತ್ತಿಗೆ ತಾನು ಪೂಜೆಗೆ ಕೂತಿರುತ್ತಾಳೆ. ಕೆಲಸದ ಜುಲಿಯಾನಾ, ಸಂಘದ ಜುಲಿಯಾನಾ ಒಬ್ಬಳೇ ಎಂಬುದು ತಲೆಗೆ ಹೊಕ್ಕಿರಲಿಲ್ಲ, ಅಷ್ಟೇ.

ದಾಪುಗಾಲು ಹಾಕಿ ಮನೆಗೆ ಬಂದಳು. ಜುಲಿಯಾನಾ ಮೂರನೆಯ ಎಮ್ಮೆಯ ಕೆಳಗೆ ಕೂತಿದ್ದಳು.

"ನಿನ್ನ ಆಕಳಾ ಒದರಾಕತ್ತೈತಿ."

"ದಿನಾ ಒದರತೈತ್ರಿ, ಅಕ್ಕಾರ. ನಿಮ್ಮ ಆರು ಎಮ್ಮಿ ಹಿಂಡಿ, ಸೆಗಣಿ ಬಳದು ಹೋಗೂದ್ರಾಗ ಏಳೂವರಿ ಆಕ್ಕೈತಿ. ದಿನಕ್ಕ ಒಂದ ಸಲ ಬರೂ ಹಾಲಿನ ಗಾಡಿ ಏಳಕ್ಕ ಹೋಗಿಬಿಟ್ಟಿರತೈತಿ. ಆಕಳಾ ಮಾರಿದ ಆ ಮೂರೂ ಮಂದೀದೂ ಇದ ಹಾಡು."

"ಮೊದಲ ಹೇಳಾಕ ಏನಾಗಿತ್ತ ನಿನಗ?"

"ಕೆಲಸಾ ಬಿಡಸ್ತೀರಿ ಅಂತ ಅಂಜಿದ್ನಿರಿ."

ಶಿವವ್ವನಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಎಲ್ಲಾ ತನ್ನ ಮೇಲೆಯೇ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಕೆಟ್ ಕಿತ್ತುಕೊಂಡಳು. "ನಡಿ, ನಿಂದು ಹಿಂಡು ಹೋಗು. ನಾಳಿಂದ ಇಲ್ಲಿಗೆ ಎಂಟಕ್ಕ ಬಾ. ಪಗಾರ ಮೊದಲಿನಷ್ಟ."

ಅಂದು ಮೀಟಿಂಗಿನಲ್ಲಿ ಶಿವಲಿಂಗಪ್ಪ ಜುಲಿಯಾನಾಳ ಹೆಸರು ಓದಿದ್ದೇ ತಡ, ಶಿವವ್ವ ಎದ್ದಳು. "ಆಕೀ ಹೆಸರು ಹೊಡಿಯೂದಾದ್ರ ನಂದೂ ಹೊಡಿ. ನಿನ್ನೀ ತನಕ ನನ್ನ ಹೆಸರಿಗೆ ಹಾಕಿದ ಹಾಲು ಒಂದು ದಿನಾನೂ ನಾ ಹಿಂಡಿದ್ದಲ್ಲ. ಹಿಂಡಿದಾಕಿ ಆಕೀನ."

"ವೈನಿ, ನಿಯಮ..."

"ಇರಲಿ ನಿಯಮ. ಬೆಳಗಾಮುಂಜಾನೆ ಯಾರ್ಯಾರ ಕೊಟಿಗ್ಯಾಗ ಸಿದ್ದಿ ಹೆಣಮಕ್ಕಳು ಅದಾರ, ಕೈ ಎತ್ತರಿ ನೋಡೂಣು."

ಒಂದು ಕೈಯೂ ಏಳಲಿಲ್ಲ. ಶಿವಲಿಂಗಪ್ಪನ ಮನೆಯ ಕೊಟ್ಟಿಗೆಯಲ್ಲೂ ದುಡಿಯುವವರು ಯಾರೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೊಂದು ವರ್ಷ ನೋಡೋಣ ಎಂದು ಅವನು ಪುಟ ತಿರುವಿದ.

ಮರುದಿನ ಆರೂವರೆಗೆ ಜುಲಿಯಾನಾ ಡೇರಿಯ ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಳು. ಗಾಡಿ ಹೊರಡುವ ಹೊತ್ತಿಗೆ ಏದುಸಿರು ಬಿಡುತ್ತ ಬಂದ ಶಿವವ್ವನ ಕ್ಯಾನ್ ಅರ್ಧವೂ ತುಂಬಿರಲಿಲ್ಲ. ಮೂರು ಎಮ್ಮೆ ಹಾಲು ಇಳಿಸಲೇ ಇಲ್ಲ. ಅವಕ್ಕೆ ಅವಳ ಕೈಯ ಗುರುತೇ ಇರಲಿಲ್ಲ.