ಎರಡನೇ ಪಾಳಿಯ ಆಟಗಾರ

ನನ್ನೊಬ್ಬನ ವಿಷಯಕ್ಕೆ ರಾಯಚೂರಿನಲ್ಲಿ ಎರಡು ಪಕ್ಷಗಳಾಗಿದ್ದವು ಎಂದರೆ ಈಗ ಯಾರೂ ನಂಬುವುದಿಲ್ಲ. ಹೇಳುವವರು ಬೇರೆ ಯಾರೂ ಉಳಿದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದೆ. ತಂಡದಲ್ಲಿದ್ದೆ ಎನ್ನುವುದಕ್ಕಿಂತ ತಂಡದ ಬೆಂಚಿನ ಮೇಲಿದ್ದೆ ಎಂದರೆ ಸರಿಯಾದೀತು. ಮೊದಲರ್ಧ ಐದು ಜನ ಆಡುವರು, ನಾನು ಕುಳಿತು ನೋಡುವೆ. ವಿರಾಮ ಮುಗಿದ ಮೇಲೆ ಡ್ರಿಲ್ ಮಾಸ್ತರು ಬೆನ್ನಿಗೊಂದು ಏಟು ಕೊಟ್ಟು ನನ್ನನ್ನು ಒಳಗೆ ತಳ್ಳುವರು. ನಾನು ಹೋದ ಮೇಲೆ ಸೋಲುವ ಆಟವೂ ಎಷ್ಟೋ ಸಲ ನಮ್ಮ ಕಡೆ ಹೊರಳುತ್ತಿತ್ತು. ಇದನ್ನು ಹೇಳುವಾಗ ನನಗೆ ಜಂಬವಿಲ್ಲ. ಇದೆ, ಸ್ವಲ್ಪ ಇದೆ.

ಆ ವರ್ಷ ನಮ್ಮ ನಾಯಕನಿಗೆ ಅವನ ಊರು ದೇವದುರ್ಗದಲ್ಲೇ ಮಾಸ್ತರಿಕೆ ಸಿಕ್ಕಿತು. ಅವನು ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿದ. ಮೊದಲ ಐವರಲ್ಲಿ ಒಂದು ಜಾಗ ಖಾಲಿಯಾಯಿತು. ಆ ಜಾಗಕ್ಕೆ ನಾನು ಆಗುತ್ತೇನೋ ಇಲ್ಲವೋ ಎಂಬ ಚರ್ಚೆ ಸ್ಟೇಶನ್ ಹತ್ತಿರದ ಚಹಾದ ಹೋಟೆಲಿನಲ್ಲಿ ಶುರುವಾಯಿತು.

ಹೋಟೆಲ್ ಮಾಲೀಕರು ನನ್ನ ಪಕ್ಷ. ಅರ್ಧ ಹೊತ್ತಿನಲ್ಲೇ ಇಷ್ಟು ಮಾಡುವವನು ಪೂರ್ತಿ ಹೊತ್ತು ಕೊಟ್ಟರೆ ಎರಡರಷ್ಟು ಮಾಡುತ್ತಾನೆ ಎಂಬುದು ಅವರ ಲೆಕ್ಕ. ರೈಲ್ವೆಯ ಗೂಡ್ಸ್ ಆಫೀಸಿನ ಗುಮಾಸ್ತರೊಬ್ಬರು ಒಂದೂ ಪಂದ್ಯ ತಪ್ಪಿಸಿದವರಲ್ಲ. ಅವರು ಈ ಲೆಕ್ಕ ಒಪ್ಪಲಿಲ್ಲ. ಎದುರಿನವರು ಬಿಸಿಲಿಗೆ ಬಾಡಿ ನಾಲಿಗೆ ಹೊರಗೆ ಹಾಕಿದಾಗ ಈ ಹುಡುಗ ನೆರಳಿನಲ್ಲಿ ಕುಳಿತೆದ್ದು ಬರುತ್ತಾನೆ, ಅದಕ್ಕೇ ಓಡುತ್ತಾನೆ ಎನ್ನುವರು. ಘಾಟಿಯಲ್ಲಿ ಗಾಡಿಯನ್ನು ಹಿಂದಿನಿಂದ ನೂಕುವ ಇಂಜಿನ್ನನ್ನು ಮುಂದೆ ಕಟ್ಟಬಾರದು ಎಂಬ ಮಾತನ್ನು ಅವರು ಅಲ್ಲಿ ಎಷ್ಟು ಸಲ ಆಡಿದರೋ. ಇದೆಲ್ಲ ನನ್ನೆದುರಿಗೇ. ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡಿದ ಹಾಗೆ ನನ್ನನ್ನು ನೋಡುವರು. ನಾನು ಮಿರ್ಚಿ ಭಜಿ ಕಡಿಯುತ್ತಾ ಒಳಗೊಳಗೇ ಕುದಿಯುತ್ತಿದ್ದೆ. ಆ ಜಾಗ ನನಗೆ ಬೇಕಿತ್ತು. ಊಟ ನಿದ್ದೆಯಲ್ಲೂ ಅದೇ ಧ್ಯಾನವಾಗಿತ್ತು.

ಡ್ರಿಲ್ ಮಾಸ್ತರು ಎರಡೂ ಪಕ್ಷದ ಮಾತು ಕೇಳಿ, ದೇವದುರ್ಗದಲ್ಲಿ ಒಂದು ಸ್ನೇಹದ ಪಂದ್ಯಕ್ಕೆ ನನ್ನನ್ನು ಮೊದಲೇ ಇಳಿಸಿ ನೋಡಿದರು. ನಾನು ಮಾಡಿಕೊಂಡ ಫಜೀತಿ ಅಷ್ಟಿಷ್ಟಲ್ಲ. ಸೀಟಿ ಊದಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ಚೆಂಡು ಹೋದ ಕಡೆಗೆಲ್ಲ ಓಡಿದೆ, ಕಂಡವರ ಮೈಮೇಲೆ ಬಿದ್ದೆ. ಫೌಲಿನ ಮೇಲೆ ಫೌಲು. ವಿರಾಮಕ್ಕೆ ಮೊದಲೇ ಮತ್ತೆ ಬೆಂಚು. ಹಳೆಯ ನಾಯಕ ನೋಡಲು ಬಂದಿದ್ದವನು ಪಾಪ, ಮುಖ ಆ ಕಡೆ ತಿರುಗಿಸಿಕೊಂಡ. ಮರುದಿನ ಗುಮಾಸ್ತರು ಖುಷಿಯಿಂದ ನನಗೆ ತಾವೇ ಚಹಾ ಹೇಳಿದರು.

ಮಾಸ್ತರು ಮಾತ್ರ ಬೈಯಲಿಲ್ಲ. ಬೆಂಚಿನ ಮೇಲೆ ಕುಳಿತಾಗ ಏನು ಮಾಡುತ್ತೀ ಎಂದು ಕೇಳಿದರು. ಯಾರು ಯಾವ ಕಡೆ ವಾಲುತ್ತಾರೆ, ಯಾರಿಗೆ ಎಡಗೈ ಬರುವುದಿಲ್ಲ, ಅದನ್ನೇ ನೋಡುತ್ತಿರುತ್ತೇನೆ ಎಂದೆ.

“ಕುಂತು ನೋಡಿದ್ದನ್ನ ನಿಂತು ನೋಡಾಕ ಕಲಿ,” ಎಂದರು. “ಮಾನ್ವಿಯವರ ಜೋಡಿ ಆಟಕ್ಕ ನೀನೇ ಮೊದಲು ಇಳೀಬೇಕು.”

ಆ ಸಂಜೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದೆ. ಇಲ್ಲಿ ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಅಪ್ಪ ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಹಮಾಲಿ. ಮೊದಲ ಪಾಳಿ ಬಿಟ್ಟ ಮೇಲೆ ಹುಬ್ಬು ಮೀಸೆಗೆಲ್ಲ ಅರಳೆ ಹತ್ತಿಸಿಕೊಂಡೇ ನಮ್ಮ ಆಟಕ್ಕೆ ಬರುವನು. ಅವನು ಬರುವ ಹೊತ್ತಿಗೆ ಯಾವಾಗಲೂ ವಿರಾಮ ಮುಗಿದು ನಾನು ಒಳಗಿರುತ್ತಿದ್ದೆ. ಹೀಗಾಗಿ ನಾನು ಬೆಂಚಿನ ಮೇಲೆ ಕುಳಿತದ್ದನ್ನು ಅವನು ಒಂದು ದಿನವೂ ನೋಡಿರಲಿಲ್ಲ.

ನಾನು ಕುಣಿಯುತ್ತಾ ಹೇಳಿದ ಸುದ್ದಿ ಕೇಳಿ ಅಪ್ಪನ ಮುಖ ಇಳಿದುಹೋಯಿತು. ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಇಟ್ಟ.

“ಏನ್ ತಪ್ಪು ಮಾಡೀದಿ?” ಎಂದ.

ನನಗೆ ತಲೆಬುಡ ತಿಳಿಯಲಿಲ್ಲ. ಅವನು ಬಿಡಿಸಿ ಕೇಳಿದಾಗ ತಿಳಿಯಿತು. ನಮ್ಮ ತಂಡವೂ ಮಿಲ್ಲಿನ ಹಾಗೆ ಪಾಳಿಯಲ್ಲಿ ನಡೆಯುತ್ತದೆ, ನಾನು ಎರಡನೇ ಪಾಳಿಯವನು ಎಂದು ಅವನು ಇಷ್ಟು ದಿನ ತಿಳಿದಿದ್ದ. ಜಿನ್ನಿನಲ್ಲಿ ಎರಡನೇ ಪಾಳಿ ಸುಮ್ಮನೆ ಸಿಗುತ್ತಿರಲಿಲ್ಲ. ಅರಳೆಯಲ್ಲಿ ಒಂದು ಕಿಡಿ ಉಳಿದರೂ ಬೆಳಗಾಗುವುದರೊಳಗೆ ಮಿಲ್ಲೇ ಬೂದಿ. ಮೊದಲ ಪಾಳಿಯವರು ಗಂಟೆ ಹೊಡೆದ ಕೂಡಲೇ ಕೈ ಝಾಡಿಸಿ ಹೊರಡಬಹುದು. ಎರಡನೇ ಪಾಳಿಯವರು ಯಂತ್ರ ನಿಲ್ಲಿಸಿ, ಮೂಲೆಮೂಲೆ ಕೈಯಾಡಿಸಿ ನೋಡಿ, ಆಮೇಲೆ ಬಾಗಿಲು ಹಾಕಬೇಕು. ಅದಕ್ಕೇ ಹಮಾಲರ ಮೇಲಿನ ಮುಕದ್ದಮ ನಂಬಿಕೆಯವರನ್ನು ಆರಿಸಿ ಹಾಕುತ್ತಿದ್ದ. ಅಪ್ಪನಿಗೆ ಅದು ಎಂದೂ ಸಿಕ್ಕಿರಲಿಲ್ಲ. ಅವನ ಮಗನಿಗೆ ಓದುವ ವಯಸ್ಸಿನಲ್ಲೇ ಸಿಕ್ಕಿತ್ತು. ಮಿಲ್ಲಿನಲ್ಲಿ ಎಲ್ಲರೆದುರು ಹೇಳಿಕೊಂಡೂ ಬಂದಿದ್ದನಂತೆ.

ಹಾಗಲ್ಲ ಯಪ್ಪಾ, ಮೊದಲು ಇಳಿಯುವವರೇ ದೊಡ್ಡ ಆಟಗಾರರು ಎಂದು ನಾನು ಮತ್ತೆ ಮತ್ತೆ ಹೇಳಿದೆ. ತನ್ನ ಮನಸ್ಸಿಗೆ ನೋವಾಗದಿರಲಿ ಎಂದು ಮಗ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡನೋ ಏನೋ, ಸುಮ್ಮನೆ ತಲೆಯಾಡಿಸಿದ. ನನಗೆ ಸಿಟ್ಟು ಬಂದು ಅತ್ತ ತಿರುಗಿ ಮಲಗಿದೆ. ಊರೆಲ್ಲ ನನಗೆ ಸಿಗಲೋ ಬೇಡವೋ ಎಂದು ಗುದ್ದಾಡಿದ ಜಾಗ ಮನೆಯಲ್ಲಿ ಶಿಕ್ಷೆಯಾಗಿ ಕುಳಿತಿತ್ತು.

ಮಾನ್ವಿಯ ತಂಡ ಆಡಲು ಬಂದ ದಿನ ಅಪ್ಪ ಅರ್ಧ ದಿನದ ರಜಾ ಹಾಕಿ, ತಲೆಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ನಮಗಿಂತ ಮೊದಲೇ ಮೈದಾನದಲ್ಲಿ ನಿಂತಿದ್ದ. ನೋಡಲು ಬಂದಿದ್ದಾನೆ ಎಂದುಕೊಂಡೆ. ಅವನು ನೆಟ್ಟಗೆ ಹೋಗಿ ಡ್ರಿಲ್ ಮಾಸ್ತರ ಮುಂದೆ ಕೈಮುಗಿದ.

“ಹುಡುಗಂದು ಏನರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ ಸಾರ್. ಮತ್ತ ಎರಡನೇ ಪಾಳಿಗೇ ಹಾಕ್ರಿ. ಅವ ಬೇಜವಾಬ್ದಾರಿ ಹುಡುಗ ಅಲ್ಲ.”

ತಂಡದವರು ಕೇಳಿಸಿಕೊಂಡರು. ಯಾರೋ ಕಿಸಕ್ಕೆಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾಸ್ತರು ಮಾತ್ರ ನಗಲಿಲ್ಲ. ಅವರ ತಂದೆಯೂ ಯಾವುದೋ ಮಿಲ್ಲಿನಲ್ಲಿ ದುಡಿದವರೆಂದು ನನಗೆ ಬಹಳ ಕಾಲದ ಮೇಲೆ ತಿಳಿಯಿತು. ಅವರು ಅಪ್ಪನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದರು.

“ತಪ್ಪು ಏನೂ ಮಾಡಿಲ್ರೀ. ಇವತ್ತ ಎರಡೂ ಪಾಳಿ ಅವಂದ. ಕುಂತು ನೋಡ್ರಿ.”

ಅಂದರೆ ನಾನಿನ್ನು ಒಂದು ಕ್ಷಣವೂ ಹೊರಗೆ ಬರುವಂತಿರಲಿಲ್ಲ. ಗುಮಾಸ್ತರು ಹೇಳಿದಂತೆ ಬಿಸಿಲಿಗೆ ಬಾಡಿ ಬೆಂಚಿಗೆ ಬಂದರೆ, ಅಪ್ಪನ ಪಾಲಿಗೆ ಎರಡನೇ ಪಾಳಿಯ ನಂಬಿಕೆಯೇ ಹೋದಂತೆ. ಆಟ ಶುರುವಾದಾಗ ಚೆಂಡಿನ ಹಿಂದೆ ಓಡದೆ ನನ್ನ ಜಾಗದಲ್ಲೇ ನಿಂತು ನೋಡಿದೆ. ಆಡಾಕ ಬಂದೀಯೋ ಜಾತ್ರಿ ನೋಡಾಕ ಬಂದೀಯೋ ಎಂದು ಹಿಂದಿನಿಂದ ಕೂಗಿದರು. ಕೂಗಲಿ ಎಂದೆ. ಮಾನ್ವಿಯ ಎತ್ತರದ ಹುಡುಗ ಚೆಂಡು ಎಸೆಯುವ ಮುನ್ನ ಪ್ರತಿ ಸಲ ಬಲಕ್ಕೆ ಒಂದು ಹೆಜ್ಜೆ ಇಡುವುದು ಕಂಡಿತು. ಕಂಡ ಮೇಲೆ ನನ್ನ ಕೆಲಸ ಸುಲಭವಾಯಿತು. ಅವನು ಹೆಜ್ಜೆ ಇಡುವಲ್ಲಿ ನಾನು ಮೊದಲೇ ಹೋಗಿ ನಿಲ್ಲುತ್ತಿದ್ದೆ.

ಎರಡನೇ ಅರ್ಧದಲ್ಲಿ ನನ್ನ ಮೀನಖಂಡಗಳು ಕಲ್ಲಾದವು. ಬಾಯಾರಿ ಉಗುಳೂ ಬರುತ್ತಿರಲಿಲ್ಲ. ಹೊರಗೆ ಬರುತ್ತೀಯಾ ಎಂದು ಮಾಸ್ತರು ಕಣ್ಣಿನಲ್ಲೇ ಕೇಳಿದರು, ನಾನು ಬೇಡವೆಂದು ತಲೆಯಾಡಿಸಿದೆ. ಕೊನೆಯ ಸೀಟಿಯವರೆಗೂ ಒಳಗಿದ್ದೆ, ಗೆದ್ದೆವು.

ಚರ್ಚೆ ಅಲ್ಲಿಗೆ ಮುಗಿಯಿತು ಎಂದುಕೊಂಡರೆ ತಪ್ಪು. ಹುಡುಗ ಹೆಚ್ಚು ಬಾಸ್ಕೆಟ್ ಹಾಕಿದ್ದು ವಿರಾಮದ ಮೇಲೆಯೇ, ಆದ್ದರಿಂದ ತಮ್ಮ ಮಾತೇ ಖರೆ ಎಂದು ಗುಮಾಸ್ತರು ಅದೇ ಹೋಟೆಲಿನಲ್ಲಿ ವಾದಿಸಿದರು. ಹೋಟೆಲ್ ಮಾಲೀಕರು ಅವರಿಗೆ ಆ ವಾರವೆಲ್ಲ ಸಕ್ಕರೆ ಕಡಿಮೆ ಹಾಕಿಕೊಟ್ಟರು.

ಅಂದು ಮನೆಗೆ ಬಂದವನೇ ಕಟ್ಟೆಯ ಮೇಲೆ ಅಡ್ಡಾದೆ. ಇನ್ನೂ ಬೆಳಕಿತ್ತು. ಅಪ್ಪ ಇಸ್ತ್ರಿ ಅಂಗಿ ತೆಗೆದು ಗೂಟಕ್ಕೆ ಹಾಕಿ, ಅವ್ವನ ಹತ್ತಿರ ಒಳ್ಳೆಣ್ಣೆ ಕೇಳಿ ಇಸಿದುಕೊಂಡು ನನ್ನ ಕಾಲ ಬಳಿ ಬಂದು ಕುಳಿತ. ನನ್ನ ಪಾದವನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಮಗನ ಕಾಲನ್ನು ತಂದೆ ಒತ್ತುವುದು ನಮ್ಮಲ್ಲಿಲ್ಲ. ಬೆಂಕಿ ತಾಗಿದವನಂತೆ ಎಳೆದುಕೊಳ್ಳಲು ನೋಡಿದೆ. ಅಪ್ಪ ಬಿಡಲಿಲ್ಲ.

“ಸುಮ್ಮನ ಮಲಗಲೇ. ಒಂದ ಪಾಳಿ ದುಡಿದವನ ಕಾಲು ಹ್ಯಾಂಗ ನೋಯ್ತಾವಂತ ನನಗ ಗೊತ್ತದ. ನೀ ಎರಡೂ ಪಾಳಿ ದುಡದೀದಿ.”

ನಾನು ಕಾಲು ಸಡಿಲ ಬಿಟ್ಟೆ.