ಜಿಂಕೆವನದ ಬೇಲಿಗೆ ಕಟ್ಟಿದ ಸೀರೆಗಳು

ಗುಬ್ಬಿಯಿಂದ ತುಮಕೂರಿಗೆ ಬರುವ ದಾರಿಯ ಪಕ್ಕ, ಕುರುಚಲು ಕಾಡಿಗೆ ತಾಗಿಕೊಂಡು ಒಂದು ಸಣ್ಣ ಜಿಂಕೆವನ ಇದೆ. ಅಲ್ಲಿ ಮೇವು ಹಾಕುವ ದಿನಗೂಲಿ ಕೆಲಸ ನಮ್ಮಪ್ಪನದು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ತಗಡಿನ ಬಕೆಟ್ಟಿನ ಅಂಚಿಗೆ ಮಗ್ಗಿನಿಂದ ಎರಡೇಟು ಬಡಿದರೆ ಸಾಕು, ಪೊದೆಗಳ ಹಿಂದಿನಿಂದ ಚುಕ್ಕೆ ಜಿಂಕೆಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಚಿಕ್ಕವಳಿದ್ದಾಗ ನಾನು ಬೇಲಿಯಾಚೆ ನಿಂತು ಅದನ್ನು ನೋಡುತ್ತಿದ್ದೆ. ಅಪ್ಪನ ಮಾತು ಕೇಳುವವರು ಲೋಕದಲ್ಲಿ ಇಷ್ಟು ಜನ ಇದ್ದಾರಲ್ಲ ಅಂತ ಹೆಮ್ಮೆಯಾಗುತ್ತಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ತುಮಕೂರಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ, ಪ್ರಾಣಿಶಾಸ್ತ್ರದಲ್ಲಿ ಬಿಎಸ್ಸಿ ಮುಗಿಸಿದೆ. ಸುಲಭವಾಗಿ ಸಿಕ್ಕಿದ್ದಲ್ಲ, ಹಾಗಾಗಿ ಹೇಳಿಕೊಳ್ಳಲು ನಾಚಿಕೆಯಿಲ್ಲ. ಆಮೇಲೆ ಗುತ್ತಿಗೆಯ ಮೇಲೆ ನನಗೆ ಕೆಲಸ ಸಿಕ್ಕಿದ್ದು ಅದೇ ಜಿಂಕೆವನದಲ್ಲಿ, ಮೇಲ್ವಿಚಾರಕಿಯಾಗಿ. ಅಂದರೆ ಅಪ್ಪನ ಮೇಲೆ. ಮೊದಲ ದಿನವೇ ಅಪ್ಪ ಎಲ್ಲರ ಎದುರು ನನ್ನನ್ನು ಮೇಡಂ ಅಂತ ಕರೆದ. ತಮಾಷೆಗೆ ಅಂದುಕೊಂಡು ನಕ್ಕೆ. ಮಾರನೆಯ ದಿನವೂ ಹಾಗೇ ಕರೆದ.

ಬಂದ ಕೆಲವೇ ತಿಂಗಳಿಗೆ ಏನಾದರೂ ಹೊಸದು ಮಾಡಬೇಕು ಅನ್ನಿಸಿತು. ಮೊಬೈಲಿನಲ್ಲಿ ನೋಡಿದ್ದೆ: ಎತ್ತರದ ಸ್ಟ್ಯಾಂಡಿನ ಮೇಲೆ ಒಂದು ಡ್ರಮ್ಮು, ಕೆಳಗೆ ಬಾಗಿದ ಪೈಪುಗಳು. ಜಿಂಕೆ ಪೈಪಿನ ಬಾಯಲ್ಲಿರುವುದನ್ನು ತಿಂದಷ್ಟೂ ಮೇಲಿನದು ತನ್ನ ಭಾರಕ್ಕೆ ತಾನೇ ಕೆಳಗಿಳಿಯುತ್ತದೆ. ಕರೆಂಟು ಬೇಡ, ದಿನಾ ಹಾಕುವ ಆಳೂ ಬೇಡ. ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟ್ಯಾಂಡು ಮಾಡಿಸಿ, ನೀಲಿ ಡ್ರಮ್ಮಿಗೆ ಪೈಪು ಜೋಡಿಸಿ, ಮುಸುಕಿನ ಜೋಳ ಮತ್ತು ಫೀಡ್ ತುಂಬಿಸಬಹುದು ಅಂತ ತುಮಕೂರಿನ ಕಚೇರಿಗೆ ಬರೆದು ಕಳಿಸಿದೆ. ಕೊನೆಯಲ್ಲಿ, ಇದರಿಂದ ಒಬ್ಬ ಕೂಲಿಯಾಳಿನ ಖರ್ಚು ಉಳಿಯುತ್ತದೆ ಅಂತ ಒಂದು ಸಾಲು ಸೇರಿಸಿದೆ. ಎಲ್ಲೋ ಓದಿದ ಸಾಲು. ಆ ಒಬ್ಬ ಕೂಲಿಯಾಳು ಯಾರು ಅಂತ ಬರೆಯುವಾಗ ಯೋಚಿಸಲೇ ಇಲ್ಲ.

ಕಚೇರಿಯವರು ಯೋಚಿಸಿದರು. ಡ್ರಮ್ಮು ಒಂದು ಮಳೆಗಾಲ ಸರಿಯಾಗಿ ನಡೆದರೆ ಮೇವಿನ ಆಳನ್ನು ಬಿಡಿಸಬಹುದು ಅಂತ ಒಪ್ಪಿಗೆ ಕೊಟ್ಟರು. ಆ ಕಾಗದ ಓದಿ ಮಡಚಿ ಬ್ಯಾಗಿನೊಳಗೆ ಇಟ್ಟುಕೊಂಡೆ. ಅಪ್ಪನಿಗೆ ಹೇಳುವ ಮೊದಲೇ ಗೇಟಿನ ವಾಚ್‌ಮನ್ ಹೇಳಿಬಿಟ್ಟಿದ್ದ.

"ಏನಣ್ಣ, ನಿನ್ ಮಗ್ಳು ನಿನ್ ಜಾಗಕ್ಕೆ ಡ್ರಮ್ಮಿಗೆ ಕೆಲ್ಸ ಕೊಡಿಸ್ಬುಟ್ಳಂತೆ?"

"ಡ್ರಮ್ಮು ಬೀಡಿ ಸೇದಾಕಿಲ್ಲ, ಕುಂತಲ್ಲೇ ತೂಕಡ್ಸಾಕಿಲ್ಲ. ನಿಂಗಿಂತ ವಾಸಿ ಬುಡು," ಅಂದ ಅಪ್ಪ.

ವಾಚ್‌ಮನ್ ನಕ್ಕ. ಅಪ್ಪನೂ ನಕ್ಕ. ಹೆಗಲ ಮೇಲಿದ್ದ ಟವಲನ್ನು ತೆಗೆದು ಇನ್ನೊಂದು ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಡ್ರಮ್ಮಿನ ಸ್ಟ್ಯಾಂಡಿಗೆ ಗುಂಡಿ ತೋಡಿದವನೂ ಅವನೇ.

ಡ್ರಮ್ಮು ಬಂದ ವಾರಕ್ಕೆ ಕಾಟ ಶುರುವಾಯಿತು. ಮೊದಲು ಕೋತಿಗಳು ಮುಚ್ಚಳ ಕಿತ್ತವು. ಅಪ್ಪ ಹಳೇ ಸೈಕಲ್ ಟ್ಯೂಬು ಸುತ್ತಿ ಬಿಗಿದ. ಆಮೇಲೆ ಹೆಗ್ಗಣಗಳು ಸ್ಟ್ಯಾಂಡಿನ ಕಾಲು ಹತ್ತಿದವು. ಕಾಲಿಗೆ ನುಣ್ಣನೆಯ ತಗಡು ಸುತ್ತಿಸಿದೆ, ಜಾರಿ ಬಿದ್ದವು. ಇಷ್ಟರಲ್ಲಿ ಹಂದಿಗಳಿಗೆ ವಾಸನೆ ಸಿಕ್ಕಿತ್ತು. ಜಿಂಕೆಗಳು ತಿನ್ನುವಾಗ ಬಾಯಿಂದ ಜಾರಿದ ಕಾಳು ನೆಲದ ಮೇಲೆ ಉಳಿಯುತ್ತಿತ್ತು. ಅಪ್ಪ ಕೈಯಲ್ಲಿ ಹಾಕುವಾಗ ಎಷ್ಟು ಬೇಕೋ ಅಷ್ಟು ಹಾಕಿ, ತಿಂದಾದ ಮೇಲೆ ಗುಡಿಸಿ ಬರುತ್ತಿದ್ದ. ಡ್ರಮ್ಮಿಗೆ ಗುಡಿಸಲು ಬರುವುದಿಲ್ಲ. ಕಾಡುಹಂದಿಗಳು ಬೇಲಿಯ ಬುಡ ಬಗೆದು ಒಳಗೆ ನುಗ್ಗಿ, ಪೈಪಿನ ಬಾಯಿಗೇ ಮೂತಿ ಇಟ್ಟು, ಮೂರು ದಿನದ ಮೇವನ್ನು ಒಂದೇ ಸಲ ಮುಗಿಸಿದವು.

ಗುಬ್ಬಿಯ ಸಲೂನುಗಳಿಂದ ಕತ್ತರಿಸಿದ ಕೂದಲು ತಂದು ಬೇಲಿಯ ಉದ್ದಕ್ಕೂ ಚೆಲ್ಲಿಸಿದೆ. ಕೂದಲು ಮೂಗಿಗೆ ಹೋದರೆ ಹಂದಿ ಹಿಂದೆ ಸರಿಯುತ್ತದೆ ಅಂತ ನಮ್ಮ ಕಡೆ ಎಲ್ಲರೂ ಮಾಡುತ್ತಾರೆ. ಎರಡು ದಿನ ಹಂದಿಗಳು ಬರುವುದು ನಿಂತಿತು. ಒಂದು ಮಳೆಗೆ ಕೂದಲು ಮಣ್ಣಾಯಿತು, ಹಂದಿಗಳು ಮತ್ತೆ ಬಂದವು.

ಆಗ ನೆನಪಾದದ್ದು ಸೀರೆ. ನಮ್ಮಮ್ಮನ ತವರು ಕುಣಿಗಲ್ ಕಡೆ, ಕೊತ್ತಗೆರೆಯ ಹತ್ತಿರ. ಅಲ್ಲಿ ರಾಗಿ ಹೊಲದ ಸುತ್ತ ಗೂಟ ನೆಟ್ಟು ಹಳೇ ಸೀರೆ ಕಟ್ಟುತ್ತಾರೆ. ಬಣ್ಣದ ಗೋಡೆ ಅಲ್ಲಾಡಿದರೆ ಹಂದಿ ಒಳಗೆ ಬರುವುದಿಲ್ಲ. ಅಮ್ಮ ಊರಿಗೆ ಹೋಗಿ ಮನೆಮನೆಯಲ್ಲಿ ಕೇಳಿ ಒಂದು ದೊಡ್ಡ ಗಂಟು ತಂದಳು. ತನ್ನದೂ ನಾಲ್ಕು ಸೇರಿಸಿದಳು. ಓದಿದ್ದೂ ಆಯಿತು, ಊರಿನ ಬುದ್ಧಿಯೂ ಆಯಿತು, ಎರಡೂ ಸೇರಿ ಗೆದ್ದೆ ಅಂತ ಬೀಗಿದೆ. ಬೇಲಿಗೆ ಒಳಗಡೆಯಿಂದ ಸುತ್ತಲೂ ಕಟ್ಟು ಅಂತ ಅಪ್ಪನಿಗೆ ಹೇಳಿದೆ.

ಅಪ್ಪ ಗಂಟನ್ನು ನೋಡಿದ. ಟವಲು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹೋಯಿತು. "ಆಯ್ತು ಮೇಡಂ," ಅಂದ. ಮಧ್ಯಾಹ್ನದೊಳಗೆ ಕಟ್ಟಿ ಮುಗಿಸಿದ.

ಅಂದು ಸಂಜೆ ಜಿಂಕೆಗಳು ಡ್ರಮ್ಮಿನ ಹತ್ತಿರ ಬರಲಿಲ್ಲ. ಹೊಸದು, ಒಗ್ಗಿಕೊಳ್ಳುತ್ತವೆ ಅಂದುಕೊಂಡೆ. ಹಂದಿಯಂತೂ ಬರಲಿಲ್ಲ, ಅದನ್ನೇ ಕಚೇರಿಗೆ ಫೋನು ಮಾಡಿ ಹೇಳಿದೆ. ಎರಡನೇ ದಿನ ಡ್ರಮ್ಮಿನಲ್ಲಿ ಮೇವು ಹಾಗೇ ಇತ್ತು. ಜಿಂಕೆಗಳು ನಡುವಿನ ಪೊದೆಯೊಳಗೆ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಅಪ್ಪ ಬಕೆಟ್ಟು ಬಡಿದು ನೋಡಲೇ ಅಂತ ಕೇಳಿದ. ಬೇಡ, ಡ್ರಮ್ಮಿಗೇ ಅಭ್ಯಾಸ ಆಗಲಿ ಅಂದೆ.

ಮೂರನೆಯ ಬೆಳಿಗ್ಗೆ ಗಾಳಿ ಎದ್ದಿತು. ಸುತ್ತಲಿನ ಸೀರೆಗಳೆಲ್ಲ ಒಟ್ಟಿಗೆ ಉಬ್ಬಿ ಪಟಪಟ ಬಡಿದುಕೊಂಡವು. ಹೊಲದಲ್ಲಿ ಹಂದಿ ಹೊರಗಿರುತ್ತದೆ, ಓಡಿಹೋಗಲು ಅದಕ್ಕೆ ಇಡೀ ಕಾಡಿದೆ. ಇಲ್ಲಿ ಜಿಂಕೆಗಳು ಒಳಗಿದ್ದವು. ಯಾವ ದಿಕ್ಕಿಗೆ ಓಡಿದರೂ ಎದುರಿಗೆ ಸೀರೆಯೇ. ಹಿಂಡು ಎರಡು ಸುತ್ತು ಓಡಿತು. ಗಬ್ಬದ ಜಿಂಕೆಯೊಂದು ಹಿಂದೆ ಬಿದ್ದು, ಮೂಲೆಯಲ್ಲಿ ತಿರುಗಲಾಗದೆ, ತಂತಿ ಬೇಲಿಗೆ ನೇರವಾಗಿ ಬಡಿಯಿತು.

ನಾನು ತಲುಪುವಷ್ಟರಲ್ಲಿ ಅಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಡಾಕ್ಟರು ಬಂದು ಕತ್ತು ಮುರಿದಿದೆ ಅಂದರು. ಹೊಟ್ಟೆಯೊಳಗಿನದೂ ಉಳಿಯಲಿಲ್ಲ. ಬೇಲಿಯ ಆ ಮೂಲೆಯಲ್ಲಿದ್ದದ್ದು ಅಮ್ಮನ ಹಸಿರು ಸೀರೆ.

ಸೀರೆಗಳನ್ನು ಬಿಚ್ಚುವಾಗ ಅಪ್ಪನನ್ನು ಕೇಳಿದೆ, ಹೀಗಾಗುತ್ತದೆ ಅಂತ ನಿನಗೆ ಗೊತ್ತಿತ್ತಾ ಅಂತ. ಅವನು ಗಂಟು ಬಿಚ್ಚುವುದನ್ನು ನಿಲ್ಲಿಸಲಿಲ್ಲ.

"ಬೆದರ್ತವೆ ಅನ್ನುಸ್ತು."

"ಮತ್ಯಾಕಪ್ಪ ಹೇಳ್ಲಿಲ್ಲ?"

"ನೀನು ಓದಿದೋಳು ಕಣವ್ವ. ನಿಂಗೆ ಗೊತ್ತಿರ್ತದೆ ಅಂದ್ಕಂಡೆ." ಇನ್ನೊಂದು ಗಂಟಿಗೆ ಕೈ ಹಾಕುತ್ತಾ ಅಂದ: "ಅಲ್ದೆ, ನಾನು ಬ್ಯಾಡ ಅಂದಿದ್ರೆ, ಕೆಲ್ಸ ಹೋಯ್ತದೆ ಅಂತ ಅಡ್ಡಗಾಲು ಹಾಕ್ತಾವ್ನೆ ಅನ್ನೋರು. ನೀನೂ ಅಂದ್ಕತಿದ್ದೆ."

ಅವನು ಹೇಳಿದ್ದು ನಿಜ. ಬಿಚ್ಚಿದ ಸೀರೆಗಳನ್ನು ಮಡಚುತ್ತಾ ಹೋದೆ.

ವರದಿ ಬರೆಯುವಾಗ ಅಪ್ಪ ಮೇಜಿನ ಹತ್ತಿರ ಬಂದು ನಿಂತ. ಕಟ್ಟಿದವನು ತಾನೇ, ತನ್ನ ಹೆಸರೇ ಬರಿ ಅಂದ. ಹೇಗೂ ಹೋಗುವ ಕೆಲಸ, ಇವತ್ತು ಹೋದರೇನು, ನಾಳೆ ಹೋದರೇನು, ನಿನ್ನದು ಹೋದರೆ ಮತ್ತೆ ಸಿಗುವುದಿಲ್ಲ ಅಂದ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಕೊಂದದ್ದು. ಕಟ್ಟಿಸಿದವಳು ನಾನು ಅಂತಲೇ ಬರೆದೆ. ಜಿಂಕೆ ತಿನ್ನಲಿಲ್ಲ ಅನ್ನುವುದನ್ನು ಡ್ರಮ್ಮು ಹೇಳುವುದಿಲ್ಲ, ದಿನಕ್ಕೆರಡು ಸಲ ಅವನ್ನು ಬಲ್ಲ ಒಬ್ಬ ಮನುಷ್ಯ ಅಲ್ಲಿ ನಿಲ್ಲಬೇಕು ಅಂತಲೂ ಬರೆದೆ.

ತುಮಕೂರಿನ ಅಧಿಕಾರಿ ಅದನ್ನು ಎರಡು ಸಲ ಓದಿದರು. "ನಿಮ್ಮ ತಂದೆ ಅಂತ ಹೀಗೆ ಬರೆದಿದ್ದೀರಾಮ್ಮ?" ಅಂದರು.

"ತಂದೆ ಅಂತಲೇ ಸಾರ್ ಇಷ್ಟು ದಿನ ಅವರನ್ನ ಕೇಳದೇ ಇದ್ದದ್ದು," ಅಂದೆ.

ನನಗೊಂದು ಮೆಮೊ ಬಂತು. ಗುತ್ತಿಗೆ ಮುಂದುವರಿಸುವಾಗ ಅದನ್ನು ನೋಡುತ್ತಾರಂತೆ. ಅಪ್ಪನನ್ನು ಸದ್ಯಕ್ಕೆ ಬಿಡಿಸಿಲ್ಲ. ಸದ್ಯಕ್ಕೆ ಅನ್ನುವ ಮಾತು ಇನ್ನೂ ಹಾಗೇ ಇದೆ. ನಾನು ಮೆಮೊ ತಂದ ದಿನ ಅಪ್ಪ ಮನೆಯಲ್ಲಿ ಊಟಕ್ಕೆ ಕೂರಲಿಲ್ಲ. ಅವನು ಅಷ್ಟು ವರ್ಷ ಬಕೆಟ್ಟು ಹೊತ್ತದ್ದು ನನ್ನ ಓದಿಗೆ. ಅದನ್ನು ನಾನು ಒಂದು ಹಾಳೆಯ ಮೇಲೆ ಪಣಕ್ಕಿಟ್ಟೆ ಅಂತ ಅಮ್ಮನ ಹತ್ತಿರ ಹೇಳಿದನಂತೆ.

ಡ್ರಮ್ಮು ಈಗಲೂ ಇದೆ. ಒಂದು ದಿನಕ್ಕೆ ಸಾಕಾಗುವಷ್ಟನ್ನೇ ತುಂಬುತ್ತೇವೆ. ಪೈಪಿನ ಕೆಳಗೆ ತಟ್ಟೆ ಇದೆ, ಬಿದ್ದ ಕಾಳನ್ನು ಕತ್ತಲಾಗುವ ಮೊದಲು ಅಪ್ಪ ಗುಡಿಸುತ್ತಾನೆ. ಬೇಲಿಯ ಬುಡಕ್ಕೆ ಕಲ್ಲುಚಪ್ಪಡಿ ಹೂಳಿಸಿದ್ದೇವೆ. ಹಂದಿಗಳು ಆಚೆ ಓಡಾಡಿ ಹೋಗುತ್ತವೆ. ಅಪ್ಪ ಬಕೆಟ್ಟು ಬಡಿದರೆ ಜಿಂಕೆಗಳು ಬರುತ್ತವೆ, ಆದರೆ ಮೊದಲಿನಷ್ಟು ಹತ್ತಿರಕ್ಕಲ್ಲ.

ಮೊನ್ನೆ, ಪೈಪಿನ ಬಾಯಿ ಇನ್ನೊಂದು ಗೇಣು ಮೇಲಕ್ಕಿದ್ದರೆ ಹೇಗೆ ಅಂತ ಕೇಳಿದೆ. "ನಿಂಗೆ ಗೊತ್ತಿರ್ತದಲ್ಲ ಮೇಡಂ," ಅಂದ. ಇನ್ನೂ ಬೇಡ ಅನ್ನುವುದಿಲ್ಲ. ನಾನು ಅವನ ಮುಖ ನೋಡಲಿಲ್ಲ, ಹೆಗಲು ನೋಡಿದೆ. ಟವಲು ಈ ಕಡೆಯಿಂದ ಆ ಕಡೆಗೆ ಹೋಯಿತು. ಪೈಪು ಇದ್ದಲ್ಲೇ ಇರಲಿ ಅಂದೆ.